ಹಿಂದಕ್ಕೆ ಹರಿಯುವ ನೀರು

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿನಿ)

ನೀರು ಮೇಲಿನಿಂದ ಕೆಳಗೆ ಹರಿಯುತ್ತದೆಂಬುದು ಚಿಕ್ಕ ಮಕ್ಕಳಿಗೂ ಗೊತ್ತಿರುವ ಮಾತು. ಊರಿನ ಎತ್ತರದ ಟಾಕಿಯಿಂದ ಹೊರಟ ನೀರು ದೊಡ್ಡ ಕೊಳವೆಗೆ ಬರುತ್ತದೆ. ಅಲ್ಲಿಂದ ಓಣಿಯ ಕೊಳವೆಗೆ, ಓಣಿಯ ಕೊಳವೆಯಿಂದ ನಮ್ಮ ಮನೆಯ ನಳಕ್ಕೆ. ನಳದಿಂದ ಕೊಡಕ್ಕೆ ಬಿತ್ತೆಂದರೆ ಅದರ ಪ್ರಯಾಣ ಮುಗಿಯಿತು. ಆದುದರಿಂದ ನಳದ ನೀರು ಕೆಟ್ಟಿದ್ದರೆ ಅದು ಮೇಲೆಲ್ಲಿಯೋ ಕೆಟ್ಟಿರಬೇಕು, ತುದಿಯಲ್ಲಿ ಕೊಡ ಹಿಡಿದು ನಿಂತ ನಾವು ಅದನ್ನು ಕೆಡಿಸುವುದು ಸಾಧ್ಯವೇ ಇಲ್ಲ ಎಂದು ನಾವೆಲ್ಲರೂ ತಿಳಿದಿರುತ್ತೇವೆ. ನಾನೂ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂಬುದು ನನಗೆ ಹೇಗೆ ಗೊತ್ತಾಯಿತು, ಆ ತಪ್ಪಿನಿಂದ ಆಗುವ ಕೇಡೇನು, ಅದನ್ನು ತಡೆಯುವ ಬಗೆ ಹೇಗೆ ಎಂಬುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾನು ಇತಿಹಾಸ, ಅರ್ಥಶಾಸ್ತ್ರಗಳ ವಿದ್ಯಾರ್ಥಿನಿ. ಭೌತಶಾಸ್ತ್ರವನ್ನು ಎಸ್. ಎಸ್. ಎಲ್. ಸಿ.ಯಲ್ಲಿಯೇ ಬಿಟ್ಟು ಬಂದವಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ಆದರೆ ನೀರು ತುಂಬುವ ಕೆಲಸದಲ್ಲಿ ನನಗೆ ಹತ್ತು ವರ್ಷಗಳ ಅನುಭವವಿದೆ. ಆ ಒಂದು ಅರ್ಹತೆಯಿಂದಲೇ ಬರೆಯುತ್ತಿದ್ದೇನೆ.

ನಮ್ಮ ಓಣಿ ಊರಿನ ಇಳಿಜಾರಿನಲ್ಲಿದೆ. ನಮ್ಮ ಮನೆ ಅದರ ಮೇಲಿನ ತುದಿಯಲ್ಲಿದೆ. ಐದಾರು ದಿನಗಳಿಗೊಮ್ಮೆ ಎರಡು ಮೂರು ತಾಸು ನೀರು ಬರುತ್ತದೆ. ಅದೂ ಅನೇಕ ಸಲ ನಡುರಾತ್ರಿಯಲ್ಲಿ. ಎತ್ತರದ ಮನೆಗಳಿಗೆ ನೀರಿನ ರಭಸ ಸಾಲದು. ಅದಕ್ಕೆ ನಮ್ಮ ಕಡೆಯವರು ಕಂಡುಕೊಂಡ ಉಪಾಯವೆಂದರೆ ಗುಂಡಿ. ಮನೆಯ ಮುಂದೆ ಮೂರು ಅಡಿ ಅಗೆದು ನಳವನ್ನು ತಗ್ಗಿಗೆ ಇಳಿಸಿದರೆ, ಮೇಲೆ ಹತ್ತದ ನೀರು ಅಲ್ಲಿ ಸಣ್ಣಗೆ ಸುರಿಯುತ್ತದೆ. ಒಬ್ಬರು ಗುಂಡಿಯೊಳಗೆ ಇಳಿದು ಕೊಡ ತುಂಬಬೇಕು, ಇನ್ನೊಬ್ಬರು ಮೇಲೆ ನಿಂತು ಎತ್ತಿಕೊಳ್ಳಬೇಕು. ನಮ್ಮ ನಳಕ್ಕೆ ತಿರುಗಿಸಿ ಮುಚ್ಚುವ ಕಾಕ್ ಇರಲಿಲ್ಲ. ನೀರು ಬರುವುದೇ ಅಪರೂಪವಾಗಿರುವಾಗ ಮುಚ್ಚುವ ಮಾತು ಎಲ್ಲಿಂದ ಬರಬೇಕು? ಕೊಳವೆಯ ಬಾಯಿ ಗುಂಡಿಯ ತಳಕ್ಕಿಂತ ನಾಲ್ಕು ಬೆರಳು ಮೇಲಿತ್ತು. ನೀರು ನಿಂತ ಮೇಲೆ ಚೆಲ್ಲಿದ ನೀರು, ಮುಸುರೆ ತಿಕ್ಕಿದ ನೀರು, ಮಳೆಗಾಲದಲ್ಲಿ ಪಕ್ಕದ ಗಟಾರದಿಂದ ಒಸರಿದ ನೀರು ಎಲ್ಲವೂ ಆ ಗುಂಡಿಯಲ್ಲಿ ಸೇರುತ್ತಿದ್ದವು. ಕೊಳವೆಯ ಬಾಯಿ ಅದರಲ್ಲಿ ಮುಳುಗಿರುತ್ತಿತ್ತು. ಮುಂದಿನ ಸಲ ನೀರು ಬರುವ ಸಪ್ಪಳ ಕೇಳಿದೊಡನೆ ತಂಬಿಗೆಯಿಂದ ಗುಂಡಿಯನ್ನು ಬಳಿದು ಕೊಡ ಇಡುತ್ತಿದ್ದೆವು. ಗುಂಡಿ ಸ್ವಚ್ಛವಾಯಿತು, ಇನ್ನೇನು ಭಯವೆಂದು ಸಮಾಧಾನಪಡುತ್ತಿದ್ದೆವು.

೨೦೨೪ರ ಮಳೆಗಾಲದಲ್ಲಿ ನಮ್ಮ ಓಣಿಗೆ ಕಾಮಾಲೆ ಬಂದಿತು. ನಮ್ಮ ಕಡೆ ಅದಕ್ಕೆ ಕಾಮಣಿ ಎನ್ನುತ್ತಾರೆ. ಮೊದಲು ಇಳಿಜಾರಿನ ಕೆಳಗಿನ ಮನೆಗಳಲ್ಲಿ ಇಬ್ಬರು ಹುಡುಗರಿಗೆ ಕಣ್ಣು ಹಳದಿಯಾದವು. ಆಮೇಲೆ ನನ್ನ ಗೆಳತಿ ಹಾಸಿಗೆ ಹಿಡಿದಳು. ಅವಳು ನನ್ನೊಡನೆ ಎಸ್. ಎಸ್. ಎಲ್. ಸಿ.ಯವರೆಗೆ ಒಂದೇ ಬೆಂಚಿನಲ್ಲಿ ಕುಳಿತವಳು. ಮದುವೆಯಾಗಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಆಗ ಅವಳಿಗೆ ಏಳು ತಿಂಗಳು. ನೀರಿನಿಂದ ಬರುವ ಕಾಮಾಲೆಗಳಲ್ಲಿ ಹೆಪಟೈಟಿಸ್ 'ಇ' ಎಂಬುದೊಂದಿದೆ. ಉಳಿದವರಿಗೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿದುಹೋಗುವ ಈ ರೋಗ ತುಂಬು ಬಸಿರಿಯ ಪ್ರಾಣಕ್ಕೇ ಎರವಾಗಬಲ್ಲದು ಎಂಬುದನ್ನು ಆಸ್ಪತ್ರೆಯ ಜಗಲಿಯ ಮೇಲೆ ನಿಂತು ಕೇಳಿದೆ. ಹದಿನೈದು ದಿನ ಅವಳ ತಾಯಿ ಊಟ ಮಾಡಿದ್ದನ್ನು ನಾನು ಕಾಣಲಿಲ್ಲ. ದೇವರು ದೊಡ್ಡವನು, ತಾಯಿಯೂ ಉಳಿದಳು, ಮಗುವೂ ಉಳಿಯಿತು.

ಓಣಿಯವರೆಲ್ಲ ಕೂಡಿ ನೀರು ಬಿಡುವ ಕಚೇರಿಗೆ ಅರ್ಜಿ ಕೊಡಬೇಕೆಂದು ನಿಶ್ಚಯಿಸಿದರು. ಕಾಲೇಜು ಓದುವವಳೆಂದು ಬರೆಯುವ ಭಾರ ನನ್ನ ಮೇಲೆ ಬಿತ್ತು. ಕೊಳಕು ನೀರು ಕುಡಿಸಿ ಬಡವರ ಪ್ರಾಣದೊಡನೆ ಆಟವಾಡುತ್ತಿದ್ದಾರೆಂದು ಎರಡು ಪುಟ ಬಿರುಸಾಗಿ ಬರೆದೆ. ಎಲ್ಲರೂ ಸಹಿ ಹಾಕಿದರು. ಮೂರು ದಿನಗಳ ಮೇಲೆ ಕೊಳವೆ ನೋಡಲು ಬಂದವರಲ್ಲಿ ವಯಸ್ಸಾದ ಒಬ್ಬ ನಳದ ಮಿಸ್ತ್ರಿ ಇದ್ದರು. ಅವರು ಓಣಿಯ ಉದ್ದಕ್ಕೂ ನಡೆದು ಬಂದು ನಮ್ಮ ಮನೆಯ ಮುಂದೆ ನಿಂತರು.

"ಈ ಗುಂಡಿ ಯಾರದವ್ವಾ?"

"ನಮ್ಮದರಿ ಕಾಕಾ."

"ಅರ್ಜಿ ಬರದಾಕಿ ನೀನ ಏನು?"

"ಹೌದ್ರಿ."

"ಹಂಗಾರ ಆ ಅರ್ಜಿಯೊಳಗ ಈ ಗುಂಡಿ ಹೆಸರೂ ಬರಿ."

ಅವ್ವನಿಗೆ ಸಿಟ್ಟು ಬಂದಿತು. "ನೀರು ನಳದಾಗಿಂದ ಹೊರಗ ಬರತೈತ್ರಿ. ಹೊರಗಿನ ನೀರು ನಳದಾಗ ಹ್ಯಾಂಗ ಹೊಕ್ಕೀತು?" ಎಂದು ಕೇಳಿದಳು. ಅವರು ನಕ್ಕು, "ನೀರು ಹೋದ ಮ್ಯಾಲ ನಳದ ಬಾಯಿಗೆ ಅಂಗೈ ಹಚ್ಚಿ ನೋಡೀರೇನು ತಂಗಿ?" ಎಂದರು.

ನನಗೆ ಥಟ್ಟನೆ ನೆನಪಾಯಿತು. ಚಿಕ್ಕಂದಿನಲ್ಲಿ ಇದು ನಮ್ಮ ಆಟವಾಗಿತ್ತು. ನೀರು ನಿಂತೊಡನೆ ನಳದ ಬಾಯಿಗೆ ಅಂಗೈ ಒತ್ತಿದರೆ ಅದು ಒಳಗಿನಿಂದ ಎಳೆದು ಹಿಡಿಯುತ್ತಿತ್ತು. ಬಿಡಿಸಿಕೊಂಡರೆ ಅಂಗೈಯ ಮೇಲೆ ದುಂಡಗೆ ಕೆಂಪು ಗುರುತು. ನಳ ಮುದ್ದು ಕೊಟ್ಟಿತೆಂದು ನಗುತ್ತಿದ್ದೆವು. ಅಂಗೈಯನ್ನು ಎಳೆಯುವ ನಳ ಗುಂಡಿಯ ನೀರನ್ನು ಬಿಟ್ಟೀತೆ? ಪುರಾವೆ ಹತ್ತು ವರ್ಷಗಳಿಂದ ನನ್ನ ಕೈಯಲ್ಲಿಯೇ ಇತ್ತು.

ಹೀಗೇಕಾಗುತ್ತದೆಂಬುದನ್ನು ಈಗ ನೋಡೋಣ. ನಮ್ಮ ಸುತ್ತಲಿನ ಗಾಳಿಗೆ ಭಾರವಿದೆ. ಆ ಭಾರದ ಒತ್ತಡ ಸಮುದ್ರ ಮಟ್ಟದಲ್ಲಿ ಸುಮಾರು ೧೦ ಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿ ಹಿಡಿಯಬಲ್ಲಷ್ಟು ದೊಡ್ಡದು. ಇಟಲಿಯ ಟಾರಿಸೆಲ್ಲಿ ಎಂಬ ವಿಜ್ಞಾನಿ ೧೭ನೆಯ ಶತಮಾನದಲ್ಲಿಯೇ ಗಾಳಿಯ ಈ ಒತ್ತಡವನ್ನು ಪಾದರಸದ ನಳಿಗೆಯಿಂದ ತೋರಿಸಿಕೊಟ್ಟನು. ಕೊಳವೆಯೊಳಗಿನ ನೀರಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಹೆಚ್ಚಾಗಿರುವವರೆಗೆ ನೀರು ಹೊರಗೆ ಬರುತ್ತದೆ. ಒಳಗಿನ ಒತ್ತಡ ಕಡಮೆಯಾದೊಡನೆ ಹೊರಗಿನ ಗಾಳಿ ಒಳಕ್ಕೆ ನೂಕತೊಡಗುತ್ತದೆ. ಆಗ ನಳದ ಬಾಯಿಯ ಮುಂದೆ ಬರಿಯ ಗಾಳಿಯಿದ್ದರೆ ಗಾಳಿ ಒಳಗೆ ಹೋಗುತ್ತದೆ; ಕೊಳಕು ನೀರಿದ್ದರೆ ಕೊಳಕು ನೀರು ಒಳಗೆ ಹೋಗುತ್ತದೆ. ಇಡೀ ವಿಷಯದ ತಿರುಳು ಇಷ್ಟೇ.

ಪೀಪಾಯಿಯಲ್ಲಿನ ಎಣ್ಣೆಗೆ ರಬ್ಬರಿನ ನಳಿಗೆ ಹಾಕಿ ಒಮ್ಮೆ ಬಾಯಿಂದ ಎಳೆದು ಕೆಳಗೆ ಬಿಟ್ಟರೆ ಎಣ್ಣೆ ತಾನಾಗಿಯೇ ಹರಿದು ಬರುವುದನ್ನು ಅನೇಕರು ಕಂಡಿರಬಹುದು. ವಸತಿಗೃಹದ ಮಿತ್ರರು ಎರಡು ಬಕೆಟ್ಟುಗಳಿಂದ ಇದನ್ನೇ ಮಾಡಿ ನೋಡಬಹುದು. ನೀರು ತುಂಬಿದ ನಳಿಗೆಯ ಒಂದು ತುದಿ ಮೇಲಿನ ಬಕೆಟ್ಟಿನಲ್ಲಿ ಮುಳುಗಿರಲಿ, ಇನ್ನೊಂದು ತುದಿ ಕೆಳಗಿನ ಬಕೆಟ್ಟಿನಲ್ಲಿರಲಿ. ಮೇಲಿನ ನೀರು ಬಕೆಟ್ಟಿನ ಅಂಚನ್ನು ಏರಿ ಇಳಿದು ಕೆಳಗೆ ಬರುತ್ತದೆ. ಮೇಲಿನ ತುದಿಯನ್ನು ನೀರಿನಿಂದ ಒಂದು ಬೆರಳು ಎತ್ತಿರಿ. ಗಾಳಿ ಒಳನುಗ್ಗಿ ಹರಿವು ಅಲ್ಲಿಗೇ ನಿಲ್ಲುತ್ತದೆ. ನಮ್ಮ ಓಣಿಯಲ್ಲಿ ನಡೆಯುತ್ತಿದ್ದುದೂ ಇದೇ. ವಾಲ್ವ್ ಮುಚ್ಚಿದ ಮೇಲೆ ಓಣಿಯ ಕೊಳವೆಯಲ್ಲಿ ಉಳಿದ ನೀರು ಇಳಿಜಾರಿನ ಕೆಳಗಿನ ಮನೆಗಳ ಕಡೆಗೆ ಹರಿದುಹೋಗುತ್ತದೆ. ಹೋಗುವಾಗ ಮೇಲಿನ ತುದಿಯಲ್ಲಿರುವ ನಮ್ಮ ನಳದ ಬಾಯಿಂದ ಸಿಕ್ಕಿದ್ದನ್ನು ಎಳೆದುಕೊಳ್ಳುತ್ತದೆ. ನಾವು ಗುಂಡಿಯನ್ನು ಬಳಿಯುತ್ತಿದ್ದುದು ಐದು ದಿನ ತಡವಾಗಿ. ಅಷ್ಟರಲ್ಲಿ ಹೋಗಬೇಕಾದುದು ಹೋಗಿ, ಕೊಳವೆಯಲ್ಲಿ ಕುಳಿತು, ಮರುಸಲ ಬಂದ ನೀರಿನೊಡನೆ ಕೆಳಗಿನ ಮನೆಗಳ ಕೊಡವನ್ನು ಸೇರುತ್ತಿತ್ತು.

ಒತ್ತಡ ಕುಗ್ಗುವುದು ವಾಲ್ವ್ ಮುಚ್ಚಿದಾಗ ಮಾತ್ರವಲ್ಲ. ದೊಡ್ಡ ಕೊಳವೆ ಒಡೆದಾಗ, ಬೆಂಕಿ ಆರಿಸಲು ಒಮ್ಮೆಲೇ ಬಹಳ ನೀರು ಸೆಳೆದಾಗ, ಯಾರಾದರೂ ತಮ್ಮ ಮನೆಯ ಮೋಟಾರನ್ನು ನೇರವಾಗಿ ನಳಕ್ಕೆ ಜೋಡಿಸಿದಾಗಲೂ ಕುಗ್ಗುತ್ತದೆ. ಮೋಟಾರು ಹಚ್ಚಿದವನು ನೆರೆಯವರ ಪಾಲಿನ ನೀರನ್ನು ಎಳೆದುಕೊಳ್ಳುತ್ತಾನೆಂಬುದು ಎಲ್ಲರಿಗೂ ಗೊತ್ತು. ಅವನು ಅದರೊಡನೆ ಒಡಕು ಜೋಡಣೆಗಳ ಸುತ್ತಲಿನ ಗಟಾರದ ನೀರನ್ನೂ ಕೊಳವೆಯೊಳಕ್ಕೆ ಎಳೆಯಬಹುದೆಂಬುದು ಅಷ್ಟಾಗಿ ಗೊತ್ತಿಲ್ಲ. ಇದು ಹೀರುವಿಕೆಯಿಂದಾಗುವ ಹಿಮ್ಮುಖ ಹರಿವು. ಒತ್ತುವಿಕೆಯಿಂದಾಗುವುದು ಇನ್ನೊಂದು. ಮನೆಯ ಬೋರಿನ ನೀರನ್ನು ಮೇಲಿನ ಟಾಕಿಗೆ ಏರಿಸುವ ಕೊಳವೆಗೂ ಊರಿನ ನಳಕ್ಕೂ ನೇರ ಜೋಡಣೆಯಿದ್ದರೆ, ಬೋರಿನ ಮೋಟಾರಿನ ಒತ್ತಡ ಹೆಚ್ಚಾದಾಗ ಬೋರಿನ ನೀರು ಊರಿನ ಕೊಳವೆಯೊಳಕ್ಕೆ ನುಗ್ಗುತ್ತದೆ.

ಇದು ಹಿಂದುಳಿದ ಊರುಗಳ ಕಥೆಯೆಂದು ಯಾರೂ ಭಾವಿಸಬಾರದು. ೧೯೩೩ರಲ್ಲಿ ಅಮೇರಿಕದ ಶಿಕಾಗೋ ನಗರದಲ್ಲಿ ದೊಡ್ಡ ಜಾಗತಿಕ ಪ್ರದರ್ಶನ ನಡೆಯಿತು. ನೋಡಲು ಬಂದು ಎರಡು ಹೆಸರಾಂತ ಹೋಟೆಲುಗಳಲ್ಲಿ ಇಳಿದುಕೊಂಡವರು ತಮ್ಮ ತಮ್ಮ ಊರುಗಳಿಗೆ ಮರಳಿದ ಮೇಲೆ ಅಮೀಬಾದ ರಕ್ತಭೇದಿಯಿಂದ ನರಳತೊಡಗಿದರು. ರೋಗ ತಗಲಿದವರು ಸುಮಾರು ೧,೪೦೦ ಜನ; ಸತ್ತವರು ೯೮. ಊರಿನ ನೀರು ಚೆನ್ನಾಗಿಯೇ ಇತ್ತು. ಆ ಕಟ್ಟಡಗಳೊಳಗಿನ ಹಳೆಯ ಕೊಳವೆಗಳಲ್ಲಿ ಕುಡಿಯುವ ನೀರಿಗೂ ಹೊಲಸು ನೀರಿಗೂ ಸಂಬಂಧ ಕೂಡಿಬಿಟ್ಟಿತ್ತು. ಅಮೇರಿಕದಲ್ಲಿ ನಳ ಜೋಡಣೆಯ ನಿಯಮಗಳ ಕಡೆಗೆ ಎಲ್ಲರ ಗಮನ ಹರಿಯಲು ಈ ಅನಾಹುತ ಒಂದು ದೊಡ್ಡ ಕಾರಣವಾಯಿತು.

ಇನ್ನೊಂದು ಉದಾಹರಣೆ ಓದಿ ನಾನು ಬೆರಗಾದೆ. ೧೯೬೯ರ ಆಗಸ್ಟ್ ಕೊನೆಯಲ್ಲಿ ಅದೇ ದೇಶದ ವುಸ್ಟರ್ ಎಂಬ ಊರಿನಲ್ಲಿ, ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ಆಟಗಾರರು ಮೈದಾನದ ನಳದ ನೀರು ಕುಡಿದರು. ತಿಂಗಳೊಂದರಲ್ಲಿ ತಂಡದ ಬಹುತೇಕ ಎಲ್ಲರಿಗೂ ಕಾಮಾಲೆಯ ಸೋಂಕು ತಗಲಿ, ಆ ವರ್ಷದ ಪಂದ್ಯಗಳನ್ನೇ ನಿಲ್ಲಿಸಬೇಕಾಯಿತು. ಕಾರಣವನ್ನು ಹುಡುಕಿದಾಗ ತಿಳಿದದ್ದೇನು? ಮೈದಾನಕ್ಕೆ ನೀರು ಚಿಮುಕಿಸುವ ನಳಗಳು ನೆಲಮಟ್ಟಕ್ಕಿಂತ ಕೆಳಗೆ ಗುಂಡಿಗಳಲ್ಲಿದ್ದವು. ಅಲ್ಲಿ ಆಡುತ್ತಿದ್ದ ನೆರೆಯ ಮಕ್ಕಳಲ್ಲಿ ಕಾಮಾಲೆಯಿತ್ತು. ಸಮೀಪದಲ್ಲಿ ಬೆಂಕಿ ಬಿದ್ದು, ಅದನ್ನು ಆರಿಸಲು ನೀರು ಸೆಳೆದಾಗ ಕೊಳವೆಯ ಒತ್ತಡ ಕುಸಿದು, ಗುಂಡಿಯ ನೀರು ಕುಡಿಯುವ ಕೊಳವೆಯನ್ನು ಹೊಕ್ಕಿತ್ತು. ಅಲ್ಲಿಯೂ ಗುಂಡಿ, ಇಲ್ಲಿಯೂ ಗುಂಡಿ!

ನಮ್ಮ ನಾಡಿಗೆ ಸಂಬಂಧಿಸಿದ ಪ್ರಮಾಣವೂ ಇದೆ. ವಿಶ್ವಬ್ಯಾಂಕಿನ ನೆರವಿನ ಯೋಜನೆಯೊಂದರಲ್ಲಿ ೨೦೦೮ರಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಭಾಗಗಳಿಗೆ ದಿನದ ೨೪ ತಾಸೂ ನೀರು ಕೊಡುವ ಏರ್ಪಾಡಾಯಿತು. ಉಳಿದ ಭಾಗಗಳಿಗೆ ಮೊದಲಿನಂತೆ ಕೆಲವು ದಿನಗಳಿಗೊಮ್ಮೆ ನೀರು ಬರುತ್ತಿತ್ತು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎಂಬಿಬ್ಬರು ಹುಬ್ಬಳ್ಳಿ-ಧಾರವಾಡದ ಎರಡೂ ಬಗೆಯ ನಳಗಳ ನೀರನ್ನು ಪರೀಕ್ಷಿಸಿ ೨೦೧೩ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಲದ ಸೋಂಕನ್ನು ಸೂಚಿಸುವ ಇ. ಕೋಲಿ ಎಂಬ ಸೂಕ್ಷ್ಮಜೀವಿ ಸದಾ ನೀರಿರುವ ನಳಗಳ ಮಾದರಿಗಳಲ್ಲಿ ಶೇಕಡಾ ೦.೭ರಲ್ಲಿ ಮಾತ್ರ ಕಂಡಿತು; ಬಿಟ್ಟು ಬಿಟ್ಟು ನೀರು ಬರುವ ನಳಗಳ ಮಾದರಿಗಳಲ್ಲಿ ಶೇಕಡಾ ೩೧.೭ರಲ್ಲಿ ಕಂಡಿತು. ಭಾರತೀಯ ಮಾನಕದ ಪ್ರಕಾರ ೧೦೦ ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಈ ಜೀವಿ ಒಂದೂ ಇರಕೂಡದು. ಸದಾ ತುಂಬಿರುವ ಕೊಳವೆ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಬರಿದಾಗುವ ಕೊಳವೆ ಸಿಕ್ಕಿದ್ದನ್ನು ಕುಡಿಯುತ್ತದೆ.

ನೀರಿಗೆ ಕ್ಲೋರಿನ್ ಹಾಕಿರುತ್ತಾರಲ್ಲ, ಅದು ಕಾಯದೆ ಎಂದು ಕೆಲವರು ಕೇಳಬಹುದು. ನಳದವರೆಗೆ ಬಂದ ನೀರಿನಲ್ಲಿ ಲೀಟರಿಗೆ ಕನಿಷ್ಠ ೦.೨ ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಮಾನಕ ಹೇಳುತ್ತದೆ. ಅದು ಚಿಕ್ಕಪುಟ್ಟ ಸೋಂಕಿಗೆ ಕಾವಲು. ಗಟಾರದ ನೀರು ಸೇರಿದಾಗ ಅದರೊಳಗಿನ ಹೊಲಸೇ ಆ ಕ್ಲೋರಿನ್ನನ್ನು ತಿಂದುಹಾಕುತ್ತದೆ. ರೋಗಾಣುಗಳನ್ನು ಕೊಲ್ಲಲು ಏನೂ ಉಳಿಯುವುದಿಲ್ಲ.

ಹಾಗಾದರೆ ಪರಿಹಾರವೇನು? ಅತ್ಯುತ್ತಮ ಪರಿಹಾರಕ್ಕೆ ಒಂದು ಕಾಸೂ ಬೇಡ. ಅದರ ಹೆಸರು ಗಾಳಿಯ ಅಂತರ. ನಳದ ಬಾಯಿಗೂ ಅದರ ಕೆಳಗಿನ ಪಾತ್ರೆ, ತೊಟ್ಟಿ ಅಥವಾ ಟಾಕಿಯ ಅಂಚಿಗೂ ನಡುವೆ ಬರಿಯ ಗಾಳಿ ಇರಬೇಕು. ಆ ಅಂತರ ಕೊಳವೆಯ ಬಾಯಿಯ ಅಗಲದ ಎರಡರಷ್ಟು, ಕಡಮೆಯೆಂದರೂ ೨೫ ಮಿಲಿಮೀಟರ್, ಇರಬೇಕೆಂಬುದು ರೂಢಿಯಲ್ಲಿರುವ ಲೆಕ್ಕ. ಅಷ್ಟಿದ್ದರೆ ಕೊಳವೆ ಎಷ್ಟೇ ಎಳೆದರೂ ಗಾಳಿಯನ್ನಷ್ಟೇ ಎಳೆದೀತು. ಯಾವ ಯಂತ್ರವೂ ಇದಕ್ಕೆ ಸಮನಲ್ಲ. ಯಂತ್ರ ಕೆಡಬಹುದು, ಖಾಲಿ ಜಾಗ ಕೆಡುವುದಿಲ್ಲ.

ಇದರಿಂದಲೇ ಉಳಿದ ನಿಯಮಗಳೆಲ್ಲ ಹೊರಡುತ್ತವೆ. ನಳಕ್ಕೆ ಹಾಕಿದ ರಬ್ಬರ್ ಪೈಪಿನ ತುದಿಯನ್ನು ಬಟ್ಟೆ ನೆನೆಸಿದ ಬಕೆಟ್ಟಿನಲ್ಲಿ, ದನದ ಬಾನಿಯಲ್ಲಿ, ಔಷಧ ಸಿಂಪಡಿಸುವ ಡಬ್ಬಿಯಲ್ಲಿ ಮುಳುಗಿಸಿ ಬಿಡಬಾರದು. ಕೆಲಸವಾದೊಡನೆ ಪೈಪನ್ನು ಕಳಚಿಡಬೇಕು. ನೆಲದ ತೊಟ್ಟಿಗೆ ನೀರು ಬೀಳುವ ಕೊಳವೆಯ ಬಾಯಿ, ತೊಟ್ಟಿ ತುಂಬಿ ಹೊರಚೆಲ್ಲುವ ಮಟ್ಟಕ್ಕಿಂತ ಮೇಲಿರಬೇಕು. ಮೋಟಾರನ್ನು ನಳಕ್ಕೆ ನೇರ ಜೋಡಿಸದೆ, ನೀರನ್ನು ಮೊದಲು ತೊಟ್ಟಿಗೆ ಬೀಳಿಸಿ ಅಲ್ಲಿಂದ ಮೇಲೇರಿಸಬೇಕು. ಬೋರಿನ ಕೊಳವೆಗೂ ಊರಿನ ಕೊಳವೆಗೂ ಎಲ್ಲಿಯೂ ಗಂಟು ಬೀಳಬಾರದು. ನಡುವೆ ಒಂದು ವಾಲ್ವ್ ಇದೆಯೆಂಬ ಧೈರ್ಯವೂ ಸಲ್ಲದು, ಏಕೆಂದರೆ ತೆರೆದಿಟ್ಟು ಮರೆಯುವುದು ಮನುಷ್ಯ ಸ್ವಭಾವ. ನೀರನ್ನು ಒಂದೇ ಕಡೆಗೆ ಬಿಡುವ ವಾಲ್ವುಗಳು ಅಂಗಡಿಗಳಲ್ಲಿ ಸಿಗುತ್ತವೆ. ಅವು ಒಳ್ಳೆಯವೇ, ಆದರೆ ಒಂದು ಕಸದ ಚೂರು ಸಿಕ್ಕಿಕೊಂಡರೆ ಸರಿಯಾಗಿ ಮುಚ್ಚುವುದಿಲ್ಲ. ನೀರು ಬಂದಾಗ ಮೊದಲ ಕೆಲವು ಕೊಡಗಳನ್ನು ಬಳಕೆಗೆ ಇಟ್ಟುಕೊಂಡು, ಆಮೇಲಿನದನ್ನು ಕುಡಿಯಲು ಹಿಡಿಯಬೇಕು. ಅದನ್ನೂ ಮಳೆಗಾಲದಲ್ಲಿ ಚೆನ್ನಾಗಿ ಕುದಿ ಬರುವಂತೆ ಕಾಯಿಸಿ ಆರಿಸಿ ಕುಡಿಯಬೇಕು.

ಇಲ್ಲಿ ಇನ್ನೊಂದು ಮಾತನ್ನು ಹೇಳದಿದ್ದರೆ ನ್ಯಾಯವಾಗದು. ಗುಂಡಿ ತೋಡಿದವರೆಲ್ಲ ಅವಿವೇಕಿಗಳಲ್ಲ. ರಭಸವಿದ್ದ ಕಡೆ ಯಾರೂ ಗುಂಡಿ ತೋಡುವುದಿಲ್ಲ. ದಿನವೂ ನೀರು ಬರುವ ಕಡೆ ಯಾರೂ ಮೋಟಾರು ಹಚ್ಚುವುದಿಲ್ಲ. ಸಾಲದ ವಸ್ತುವಿಗಾಗಿ ಪೈಪೋಟಿ ನಡೆದಾಗ ಒಬ್ಬೊಬ್ಬನ ಜಾಣತನ ಎಲ್ಲರ ಹಾನಿಯಾಗುತ್ತದೆಂದು ಅರ್ಥಶಾಸ್ತ್ರದ ತರಗತಿಯಲ್ಲಿ ಕೇಳಿದ್ದೆ. ಅದರ ಉದಾಹರಣೆ ನಮ್ಮ ಬಾಗಿಲಲ್ಲಿಯೇ ಇತ್ತು. ನೀರನ್ನು ಸಾಕಷ್ಟು ರಭಸದಿಂದ ಕೊಡುವುದು, ಗಟಾರದ ಪಕ್ಕದ ಒಡಕು ಕೊಳವೆಗಳನ್ನು ಬದಲಿಸುವುದು ನೀರು ಕೊಡುವವರ ಕರ್ತವ್ಯ. ಅವರು ತಪ್ಪಿದರೆ ಆಗುವ ಅನರ್ಥವೂ ಸಣ್ಣದಲ್ಲ. ೧೯೫೫-೫೬ರಲ್ಲಿ ದಿಲ್ಲಿಗೆ ನೀರೆತ್ತುವ ಯಮುನೆಯ ಸ್ಥಳಕ್ಕೇ ಹೊಲಸು ನೀರು ಬಂದು ಸೇರಿ, ಸುಮಾರು ೨೯,೦೦೦ ಜನರಿಗೆ ಕಾಮಾಲೆಯಾಯಿತು. ಆದರೆ ಅವರ ತಪ್ಪು ನಮ್ಮ ತಪ್ಪನ್ನು ತೊಳೆಯುವುದಿಲ್ಲ.

ಆ ದಿನ ರಾತ್ರಿ ನಾನು ಎರಡನೆಯ ಅರ್ಜಿ ಬರೆದೆ. ಅದರಲ್ಲಿ ನಮ್ಮ ಓಣಿಯಲ್ಲಿರುವ ಏಳು ಗುಂಡಿಗಳ ಲೆಕ್ಕ ಕೊಟ್ಟೆ. ಮೊದಲನೆಯದಾಗಿ ನಮ್ಮದನ್ನು ಬರೆದೆ. ಮೇಲಿನ ಮನೆಗಳಿಗೆ ರಭಸ ಸಾಲದಿರುವುದನ್ನೂ, ಗಟಾರದ ಪಕ್ಕದ ಜೋಡಣೆ ಒಸರುವುದನ್ನೂ ಬರೆದೆ. ಈ ಸಲ ಸಹಿ ಹಾಕಲು ಕೆಲವರು ಹಿಂದೆಗೆದರು. ಓದಿದ ಹುಡುಗಿ ಓಣಿಯ ಮಾನ ಕಳೆದಳೆಂದವರೂ ಉಂಟು. ಕಚೇರಿಯವರು ಒಸರುವ ಜೋಡಣೆಯನ್ನು ಸರಿಪಡಿಸಿದರು. ರಭಸ ಮಾತ್ರ ಇನ್ನೂ ಹೆಚ್ಚಿಲ್ಲ. ನಾವು ಮಿಸ್ತ್ರಿಯವರ ಮಾತಿನಂತೆ ಗುಂಡಿಗೆ ಸಿಮೆಂಟು ಬಳಿದು, ಗಟಾರದ ನೀರು ಬಾರದಂತೆ ಸುತ್ತ ಕಟ್ಟೆ ಕಟ್ಟಿ, ಮೇಲೆ ಮುಚ್ಚಳ ಹಾಕಿಸಿದೆವು. ನಳವನ್ನು ಒಂದು ಗೇಣು ಮೇಲೆತ್ತಿ, ಬಾಯಿಗೆ ತಿರುಪಿನ ಮುಚ್ಚಳ ಮಾಡಿಸಿದೆವು. ಅಷ್ಟು ಎತ್ತಿದ್ದರಿಂದ ಪ್ರತಿ ಸಲ ಮೂರು ನಾಲ್ಕು ಕೊಡ ನೀರು ಕಡಮೆಯಾಗುತ್ತದೆ. ಅವ್ವ ಗೊಣಗುತ್ತಾಳೆ. ಆದರೂ ನೀರು ನಿಂತೊಡನೆ, ಎಷ್ಟು ರಾತ್ರಿಯಾಗಿದ್ದರೂ, ಗುಂಡಿ ಬಳಿದು ಮುಚ್ಚಳ ತಿರುವುವವಳು ಅವಳೇ. ಏಳು ಗುಂಡಿಗಳಲ್ಲಿ ಈಗ ನಾಲ್ಕು ಈ ರೀತಿ ಆಗಿವೆ.

ಗೆಳತಿಯ ಕಾಮಾಲೆ ನಮ್ಮ ಗುಂಡಿಯಿಂದಲೇ ಬಂದಿತೆಂದು ನಾನು ಸಾಧಿಸಿ ತೋರಿಸಲಾರೆ. ಅಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ. ಇದನ್ನು ಅವಳ ಮುಂದೆ ಒಂದು ದಿನ ಹೇಳಿಯೂ ಬಿಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮನೀ ಪೈಪೂ ಬಕೆಟ್ಟಿನ್ಯಾಗ ಬಿದ್ದಿರತಿತ್ತಲ್ಲ, ನಮಗರ ಏನ ಗೊತ್ತಿತ್ತು?" ಎಂದಳು. ಈಚೆಗೆ ಮಗನನ್ನು ಕರೆದುಕೊಂಡು ತವರಿಗೆ ಬಂದಿದ್ದಾಗ ಅವಳನ್ನು ನೋಡಲು ಹೋಗಿದ್ದೆ. ನಮ್ಮ ಕಡೆಯ ಪದ್ಧತಿಯಂತೆ ಬೆಲ್ಲ ಮತ್ತು ಒಂದು ತಂಬಿಗೆ ನೀರು ತಂದಿಟ್ಟಳು. ಆ ನೀರು ನಮ್ಮ ಮನೆಯ ಮುಂದಿನಿಂದಲೇ ಹಾದು ಬಂದುದು. ಹಿಂದಿನ ರಾತ್ರಿ ಮುಚ್ಚಳವನ್ನು ನಾನೇ ತಿರುವಿದ್ದೆನೆಂಬುದನ್ನು ಮನಸ್ಸಿನಲ್ಲಿಯೇ ನೆನೆದುಕೊಂಡು ಕುಡಿದೆ.